ಎಣ್ಣೆ ಸ್ನಾನದ ದಿನ ಮಾತ್ರ ನುಂಗುವ ಮಾತ್ರೆ

ಮೂರ್ಛೆ ಎಂದರೆ ಹೇಳದೆ ಕೇಳದೆ ಬರುವಂಥದ್ದು ಎಂದೇ ನಾವೆಲ್ಲ ನಂಬಿರುವುದು. ಬಸ್ ಸ್ಟ್ಯಾಂಡಿನಲ್ಲಿ, ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ, ಗದ್ದೆಯ ಬದುವಿನ ಮೇಲೆ, ಎಲ್ಲೆಂದರಲ್ಲಿ ಆಳನ್ನು ಕೆಡವುವುದು ಅದರ ಸ್ವಭಾವ. ಆದರೆ ಬೆಟ್ಟದಪುರ, ಪಿರಿಯಾಪಟ್ಟಣ, ಹುಣಸೂರಿನಿಂದ ಹಿಡಿದು ಮಂಡ್ಯ, ಕೊಳ್ಳೇಗಾಲ, ಬೆಂಗಳೂರಿನ ತನಕ ಹಬ್ಬಿರುವ ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಇನ್ನೊಂದು ಬಗೆಯ ಮೂರ್ಛೆ ಇದೆ. ಬಹುಪಾಲು ಜನರಲ್ಲಿ ಅದು ಬಚ್ಚಲುಮನೆ ಬಿಟ್ಟು ಬೇರೆಲ್ಲೂ ಬರುವುದಿಲ್ಲ! ಬಚ್ಚಲಲ್ಲೂ ಬರಿ ಮೈಗೆ ನೀರು ಹುಯ್ದುಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೆತ್ತಿಯ ಮೇಲೆ ಸುಡುಸುಡು ನೀರು ಚೊಂಬಿನ ಮೇಲೆ ಚೊಂಬು ಬಿದ್ದಾಗ ಬರುತ್ತದೆ. ಅರೆ ನಿಮಿಷವೋ ಮೂರು ನಿಮಿಷವೋ ಇದ್ದು ಹೋಗುತ್ತದೆ. ಮುಂದಿನ ತಲೆಸ್ನಾನದವರೆಗೆ ಅದರ ಸುಳಿವೇ ಇರುವುದಿಲ್ಲ.

ಇದಕ್ಕಿಂತ ಸೋಜಿಗದ್ದು ಇದರ ಮದ್ದು. ಫಿಟ್ಸ್‌ನ ಮಾತ್ರೆ ಎಂದರೆ ವರ್ಷಗಟ್ಟಲೆ, ಒಂದು ಹೊತ್ತೂ ತಪ್ಪಿಸದೆ ನುಂಗಬೇಕಾದದ್ದು. ಈ ಮೂರ್ಛೆಗೆ ಹಾಗಲ್ಲ. ತಲೆಗೆ ನೀರು ಹಾಕಿಕೊಳ್ಳುವ ದಿನ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ, ಕ್ಲೊಬಜಾಮ್ ಎಂಬ ಪುಟ್ಟ ಮಾತ್ರೆ ಒಂದು. ಅಷ್ಟೇ! ಉಳಿದ ದಿನ ಮಾತ್ರೆಯೇ ಬೇಡ. ಔಷಧದ ಹೊತ್ತುಗೊತ್ತನ್ನು ಎಣ್ಣೆ ಸ್ನಾನದ ದಿನ ನೋಡಿ ನಿಗದಿ ಮಾಡುವ ಇಂಥ ಚಿಕಿತ್ಸೆ ವೈದ್ಯಶಾಸ್ತ್ರದಲ್ಲಿ ಬೇರೆ ಇದೆಯೇ ಎಂದು ಬೆರಗಾಗುತ್ತದೆ. ಅದು ರೂಪುಗೊಂಡ ಕಥೆಯ ಬಹುಭಾಗ ನಡೆದದ್ದೂ ನಮ್ಮ ನಾಡಿನಲ್ಲೇ.

ಮೊದಲು ಬಚ್ಚಲಿಗೇ ಹೋಗೋಣ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ತಪ್ಪಲಿನ ಈ ಊರುಗಳಲ್ಲಿ ಹೊಗೆಸೊಪ್ಪು ಮುರಿದು ಬಂದವರ ಕೈಗೆ, ತೋಳಿಗೆ ಕಪ್ಪು ಜಿಗುಟು ಮೆತ್ತಿರುತ್ತದೆ. ತಣ್ಣೀರಿಗೆ ಅದು ಜಗ್ಗುವುದಿಲ್ಲ. ಹಂಡೆಯ ಕೆಳಗೆ ತೆಂಗಿನ ಮಟ್ಟೆ ತುರುಕಿ ಉರಿ ಹಾಕಿ, ಆವಿ ಏಳುವ ನೀರನ್ನು ಬೆರಸಲೋ ಬೇಡವೋ ಎನ್ನುವಷ್ಟು ತಣ್ಣೀರು ಬೆರಸಿ ಹುಯ್ದುಕೊಂಡರೇ ಸ್ನಾನ. ಇನ್ನು ಹಬ್ಬದ ಎಣ್ಣೆ ಸ್ನಾನವಂತೂ ಕೇಳುವುದೇ ಬೇಡ. ನೀರು ತುಂಬುವ ಹಬ್ಬದಂದು ಹಂಡೆ ತೊಳೆದು, ಕೊರಳಿಗೆ ಹೂವು ಕಟ್ಟಿ, ಅರಿಶಿನ ಕುಂಕುಮ ಇಟ್ಟು, ಮಾರನೆಯ ಬೆಳಗಿನ ಜಾವ ಮನೆಮಂದಿಗೆಲ್ಲ ನೆತ್ತಿಗೆ ಹರಳೆಣ್ಣೆ ಒತ್ತಿ, ಸೀಗೆಪುಡಿ ಹಚ್ಚಿ, ಹಿರಿಯರು ನಿಂತು ನೀರು ಹಾಕುತ್ತಾರೆ. ಆ ನೀರಿನ ಬಿಸಿ ಎಷ್ಟಿರುತ್ತದೆ ಗೊತ್ತೇ? ನಿಮ್ಹಾನ್ಸ್‌ನ ವೈದ್ಯರ ಬರಹಗಳಲ್ಲಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಎಂಬ ಲೆಕ್ಕವಿದೆ. ನಮ್ಮ ಮೈಯ ಬಿಸಿ 37 ಡಿಗ್ರಿ ಎನ್ನುವುದನ್ನು ನೆನೆದರೆ ನೆತ್ತಿಗೆ ಬೀಳುವ ಬಿಸಿ ಎಂಥದ್ದೆಂದು ತಿಳಿಯುತ್ತದೆ.

ಇಂಥ ಬಚ್ಚಲಲ್ಲಿ ಹತ್ತು ಹನ್ನೆರಡರ ಹುಡುಗನೊಬ್ಬ ಕೂತಿದ್ದಾನೆ ಎಂದುಕೊಳ್ಳಿ. ಮೂರನೆಯದೋ ನಾಲ್ಕನೆಯದೋ ಚೊಂಬು ಬಿದ್ದ ಮೇಲೆ ಅವನ ನೋಟ ಒಂದೇ ಕಡೆ ನೆಟ್ಟುಬಿಡುತ್ತದೆ. ಕರೆದರೆ ಓಗೊಡುವುದಿಲ್ಲ. ಏನೋ ಸಂಬಂಧವಿಲ್ಲದ ಮಾತು ತೊದಲುತ್ತಾನೆ. ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಕಾರಣವಿಲ್ಲದೆ ಹೆದರಿಕೆ ಉಕ್ಕುತ್ತದೆ. ಕೆಲವರ ಕೈಯಂತೂ ಆ ಸ್ಥಿತಿಯಲ್ಲೂ ಚೊಂಬು ಬಿಡುವುದಿಲ್ಲ. ಮೊಗೆಯುತ್ತಲೇ, ಹುಯ್ದುಕೊಳ್ಳುತ್ತಲೇ ಇರುತ್ತಾರೆ! ಆ ಗಳಿಗೆಯಲ್ಲಿ ಒಂದು ಬಗೆಯ ಹಿತ ಸಿಗುತ್ತದೆಂದು, ಅದಕ್ಕಾಗಿಯೇ ಇನ್ನಷ್ಟು ಬಿಸಿನೀರು ಸುರಿದುಕೊಳ್ಳುತ್ತೇವೆಂದು ಹೇಳಿಕೊಂಡವರೂ ಇದ್ದಾರೆ. ಮೂವರಲ್ಲಿ ಇಬ್ಬರಿಗೆ ಹೀಗೆ ಅರೆಬರೆ ಅರಿವು ತಪ್ಪಿದರೆ, ಉಳಿದೊಬ್ಬರಿಗೆ ಮೈಯೆಲ್ಲ ಸೆಟೆದು ಕೈಕಾಲು ಅದುರುವ ದೊಡ್ಡ ಫಿಟ್ಸ್ ಬರುತ್ತದೆ. ಪಕ್ಕದಲ್ಲೇ ಉರಿಯುವ ಒಲೆ, ಕುದಿಯುವ ಹಂಡೆ, ಕೆಳಗೆ ಜಾರುವ ಕಲ್ಲು.

ಮನೆಯವರು ಇದನ್ನು ಗಾಳಿ ಸೋಕಿದ್ದು ಎಂದುಕೊಂಡರೆ ಅವರನ್ನು ದೂರುವ ಮನಸ್ಸಾಗುವುದಿಲ್ಲ. ಬಚ್ಚಲಿಗೆ ಹೋದಾಗ ಮಾತ್ರ ಮಗ ಬೇರೆಯವನಾಗಿ, ಹೊರಗೆ ಬರುತ್ತಲೇ ಮೊದಲಿನಂತಾದರೆ ಯಾವ ತಾಯಿ ತಾನೇ ಏನೆಂದುಕೊಂಡಾಳು?

ಆ ತಾಯಂದಿರು ಆಸ್ಪತ್ರೆಯಲ್ಲಿ ಹೇಳಿದ ಮಾತನ್ನು ಕಿವಿಗೊಟ್ಟು ಕೇಳಿಸಿಕೊಂಡ ವೈದ್ಯರೊಬ್ಬರಿದ್ದರು, ಡಾ. ಕೆ.ಎಸ್. ಮಣಿ. ಬೆಂಗಳೂರಿನಲ್ಲಿ, ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಅವರು ನರರೋಗ ತಜ್ಞರು. “ಸಾರ್, ತಲೆಗೆ ನೀರು ಹುಯ್ಕೊಂಡಾಗ ಮಾತ್ರ ಬತ್ತದೆ, ಬೇರೆ ಟೈಮಲ್ಲಿ ಏನೂ ಇಲ್ಲ” ಎಂಬ ಧಾಟಿಯ ಮಾತು ಎಷ್ಟು ಬಾಯಲ್ಲಿ ಬಂದಿರಬೇಕು! ಜಗತ್ತಿನ ವೈದ್ಯ ಸಾಹಿತ್ಯದಲ್ಲಿ ಅಂಥ ಪ್ರಕರಣ ಮೊದಲು ಕಾಣಿಸಿದ್ದು 1945ರಲ್ಲಿ, ದೂರದ ನ್ಯೂಜಿಲೆಂಡ್‌ನ ಐ.ಎಂ. ಅಲೆನ್ ಬರೆದ ಲೇಖನದಲ್ಲಿ. ಅಲ್ಲಿದ್ದದ್ದು ಒಬ್ಬ ಹುಡುಗ. ಮಣಿ ಮತ್ತು ಅವರ ಸಂಗಡಿಗರು 1968ರಲ್ಲಿ ನಮ್ಮ ಕಡೆಯ ರೋಗಿಗಳ ಬಗ್ಗೆ ಮೊದಲ ವರದಿ ಬರೆದರು. 1974ರ ಹೊತ್ತಿಗೆ ಅವರ ಪಟ್ಟಿಯಲ್ಲಿ 108 ಜನರಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ 279 ಜನರ ವಿವರ ಕೊಟ್ಟರು. ಆ ಪತ್ರಿಕೆಯನ್ನು ಓದುವ ದೇಶ ದೇಶಗಳ ತಜ್ಞರಿಗೆ ದಕ್ಷಿಣ ಭಾರತದ ಬಚ್ಚಲುಮನೆಯ ಕಥೆ ತಲುಪಿತು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಎರಡೂವರೆ ಪಟ್ಟು ಹೆಚ್ಚು, ಶುರುವಾಗುವುದು ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿ ಎಂಬುದೆಲ್ಲ ಹೀಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ ಗೊತ್ತಾದದ್ದು. ಮುಂದೆ ನಿಮ್ಹಾನ್ಸ್‌ನ ನಿರ್ದೇಶಕರೂ ಆದ ಸತೀಶ್‌ಚಂದ್ರ ಈ ಒಂದು ಕಾಯಿಲೆಯ ಬೆನ್ನು ದಶಕಗಳ ಕಾಲ ಬಿಡಲಿಲ್ಲ.

ಅವರು ಕೇಳಿ ತಿಳಿದದ್ದೇ ಇಲ್ಲಿ ದೊಡ್ಡದು. ಏಕೆಂದರೆ ಯಂತ್ರಗಳು ಇದರ ಮುಂದೆ ಬಹುಮಟ್ಟಿಗೆ ಸುಮ್ಮನಾಗುತ್ತವೆ. ಸ್ನಾನವಿಲ್ಲದ ಹೊತ್ತಿನಲ್ಲಿ ತಲೆಗೆ ತಂತಿ ಅಂಟಿಸಿ ಇಇಜಿ ತೆಗೆದರೆ ಬಹಳಷ್ಟು ಜನರದ್ದು ನಾರ್ಮಲ್. ಎಂಆರ್‌ಐ ಮಾಡಿಸಿದರೆ ಅದೂ ಸಾಮಾನ್ಯವಾಗಿ ನಾರ್ಮಲ್. ಮನೆಯವರ ಬಾಯಿಂದ ಬರುವ ಆ ಒಂದು ವಾಕ್ಯವೇ ರೋಗನಿರ್ಣಯ. ಅದನ್ನು ಹೇಳದೆ ಬರೀ “ಫಿಟ್ಸ್ ಬರುತ್ತೆ” ಎಂದಷ್ಟೇ ಹೇಳಿದರೆ ಹುಡುಗ ವರ್ಷಗಟ್ಟಲೆ ದಿನವೂ ಬೇಡದ ಮಾತ್ರೆ ನುಂಗುವಂತಾದೀತು.

ಹೊರಗಿನ ಒಂದು ಪ್ರಚೋದನೆ ಮೆದುಳಿನ ಗುಂಡಿ ಒತ್ತಿ ಮೂರ್ಛೆ ತರುವ ಇಂಥ ಕಾಯಿಲೆಗಳದ್ದೇ ಒಂದು ಬಳಗವಿದೆ. ಮಿಣುಕುವ ಬೆಳಕಿಗೆ ಬರುವುದು ಎಲ್ಲರಿಗೂ ಗೊತ್ತಿರುವಂಥದ್ದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಪಟಪಟನೆ ಮಿನುಗಿ, ಆರುನೂರಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಓದುವಾಗ ಬರುವುದುಂಟು, ಸಂಗೀತ ಕೇಳಿದಾಗ ಬರುವುದುಂಟು, ಊಟ ಮಾಡುವಾಗ ಬರುವುದನ್ನು ಶ್ರೀಲಂಕಾದ ವೈದ್ಯರು ವಿವರವಾಗಿ ಬರೆದಿದ್ದಾರೆ. ಬಿಸಿನೀರಿನದು ಟರ್ಕಿ ದೇಶದಲ್ಲೂ ಕಾಣಸಿಗುತ್ತದೆ. ಅಲ್ಲಿನವರೂ ಬಟ್ಟಲಲ್ಲಿ ಮೊಗೆದು ತಲೆಗೆ ಸುರಿದುಕೊಳ್ಳುವವರೇ! ಆದರೂ ಇಷ್ಟೊಂದು ಸಂಖ್ಯೆಯಲ್ಲಿ ವರದಿಯಾದದ್ದು ನಮ್ಮ ಈ ಸೀಮೆಯಿಂದ. ಬೆಂಗಳೂರಿನ ನಗರ ಮತ್ತು ಹಳ್ಳಿಗಳಲ್ಲಿ ಎಂ. ಗೌರೀದೇವಿ ಮತ್ತು ಸಂಗಡಿಗರು ಮನೆಮನೆ ಸುತ್ತಿ ನಡೆಸಿದ ಸಮೀಕ್ಷೆಯಲ್ಲಿ ಒಟ್ಟು ಮೂರ್ಛೆ ರೋಗಿಗಳಲ್ಲಿ ಶೇಕಡ 6.9ರಷ್ಟು ಜನರದ್ದು ಬಿಸಿನೀರಿನ ಮೂರ್ಛೆಯಾಗಿತ್ತು.

ಹಳ್ಳಿಯ ಮೂರ್ಛೆಗೆ ಹಳ್ಳಿಯಲ್ಲೇ ಮದ್ದು ಎಂಬ ಹಟವೂ ಮಣಿಯವರದೇ. ಅವರ ತಂಡ ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ಮನೆಮನೆಗೆ ಹೋಗಿ ಎಣಿಸಿತು, ಸಾವಿರಕ್ಕೆ 4.63 ಜನರಲ್ಲಿ ಮೂರ್ಛೆ ಕಂಡಿತು. ಫಿನೊಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳಲ್ಲೇ ಹಳ್ಳಿ ಜನರ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದ ಅವರ ವರದಿ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಒಂದು ಔಷಧ 1912ರದ್ದು, ಇನ್ನೊಂದು 1938ರದ್ದು! ಯಳಂದೂರು ಸೀಮೆಯ ರೈತರ ಮನೆಯ ಅನುಭವ ಲಂಡನ್ನಿನ ಆ ಪತ್ರಿಕೆಯ ಪುಟಕ್ಕೆ ಏರಿದ್ದನ್ನು ನೆನೆದರೆ ಎದೆ ಉಬ್ಬುತ್ತದೆ.

ಇನ್ನು ಕೇಳಬೇಕಾದ ಪ್ರಶ್ನೆ, ಬಿಸಿನೀರಿನ ಮೂರ್ಛೆ ಇಲ್ಲೇ ಏಕೆ? ಬಿಸಿನೀರು ಒಂದೇ ಕಾರಣವೆಂದಾದರೆ ಈ ಸೀಮೆಯಲ್ಲಿ ಎಲ್ಲರೂ ಬಿದ್ದುಬಿಡಬೇಕಿತ್ತಲ್ಲ! ಜಿ.ಆರ್. ಉಲ್ಲಾಳ್, ಸತೀಶ್‌ಚಂದ್ರ ಮತ್ತು ಎಸ್.ಕೆ. ಶಂಕರ್ ಇಲಿಗಳ ಮೇಲೆ ಬಿಸಿನೀರು ಹಾಯಿಸಿ ನೋಡಿದರು. ಮೈಯ ಬಿಸಿ ಒಂದು ಮಟ್ಟ ಮುಟ್ಟಿದಾಗ ಇಲಿಗಳಿಗೆ ಸೆಳವು ಬಂತು. ಮತ್ತೆ ಮತ್ತೆ ಹಾಗೆ ಮಾಡಿದಂತೆ ಸೆಳವು ಸುಲಭವಾಗಿ ಬರತೊಡಗಿತು, ಹೆಚ್ಚು ಹೊತ್ತು ನಿಲ್ಲತೊಡಗಿತು. ಮೆದುಳು ಮೂರ್ಛೆಯನ್ನು ರೂಢಿ ಮಾಡಿಕೊಳ್ಳುತ್ತದೆ ಎನ್ನುವುದು ಮೈ ನಡುಗಿಸುವ ವಿಷಯ. ಪ್ರತಿ ತಲೆಸ್ನಾನದಲ್ಲೂ ಹೀಗಾಗುವ ಮಗುವನ್ನು ದೊಡ್ಡವನಾದರೆ ಸರಿಹೋಗುತ್ತಾನೆ ಎಂದು ಬಿಟ್ಟುಬಿಡಬಾರದು ಎನ್ನುವುದು ಇದರಿಂದಲೇ. ಕೆಲವು ವರ್ಷ ಕಳೆದ ಮೇಲೆ ಒಂದಷ್ಟು ಜನರಿಗೆ ನೀರಿನ ನೆಪವೇ ಇಲ್ಲದೆ ಮೂರ್ಛೆ ಬರತೊಡಗುವುದನ್ನೂ ವೈದ್ಯರು ಕಂಡಿದ್ದಾರೆ.

ಕೆಲವು ಮನೆತನಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನರಿಗೆ ಬರುತ್ತದೆ. ಆ ಮನೆತನಗಳ ರಕ್ತದ ಮಾದರಿ ಹಿಡಿದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ, ನಿಮ್ಹಾನ್ಸ್ ಜೊತೆಗೂಡಿ, ವಂಶವಾಹಿಗಳ ಕಾಡಿಗೆ ಇಳಿಯಿತು. 2009ರಲ್ಲಿ 10ನೇ ಮತ್ತು 4ನೇ ಕ್ರೋಮೋಸೋಮುಗಳಲ್ಲಿ ಎರಡು ತಾಣಗಳನ್ನು ಗುರುತಿಸಿತು. 2017ರಲ್ಲಿ ಬಂತು ನೋಡಿ ಮೈ ಜುಮ್ಮೆನ್ನಿಸುವ ಸುದ್ದಿ: ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಕೆಲವು ರೋಗಿಗಳಿಗೆ ಅಪರೂಪದ ವ್ಯತ್ಯಾಸಗಳಿವೆ! ಈ ವಂಶವಾಹಿ ಮಾಡಿಸುವ ಪ್ರೋಟೀನಿನ ಕೆಲಸವೇನೆಂದರೆ, ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಕೋಶದ ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುವುದು.

ಈಗ ಮಾತ್ರೆಯ ಕಡೆ ತಿರುಗೋಣ, ಯಾಕೆಂದರೆ ಎರಡು ಎಳೆ ಇಲ್ಲೇ ಸಂಧಿಸುವುದು. ಗಾಡಿಗೆ ಆಕ್ಸಿಲರೇಟರ್ ಇರುವಂತೆ ಮೆದುಳಿಗೆ ಗ್ಲುಟಮೇಟ್, ಬ್ರೇಕ್ ಇರುವಂತೆ ಗಾಬಾ ಎಂಬ ಇನ್ನೊಂದು ರಾಸಾಯನಿಕ. ಗಾಬಾ ಬಂದು ಕೂರುವ ಜಾಗದ ಪಕ್ಕದಲ್ಲೇ ಕ್ಲೊಬಜಾಮ್ ಕೂರುತ್ತದೆ. ಆಗ ಗಾಬಾದ ಬಲ ಹೆಚ್ಚಿ, ಕ್ಲೋರೈಡ್ ಕಣಗಳು ನರಕೋಶದ ಒಳಕ್ಕೆ ಹೆಚ್ಚು ಸಲ ನುಗ್ಗಿ, ಕೋಶ ಕೆರಳುವುದು ಕಷ್ಟವಾಗುತ್ತದೆ. ಕಾಯಿಲೆಯ ಒಂದು ಬೇರು ಕೆರಳಿಸುವ ಕಡೆ, ಮದ್ದಿನ ಕೆಲಸ ತಡೆಯುವ ಕಡೆ. ಈ ಮಾತ್ರೆ ಕೆಲಸಕ್ಕೆ ಬರುತ್ತದೆಂದು ರೋಗಿಗಳ ಅನುಭವದಿಂದ ಕಂಡುಕೊಂಡ ವೈದ್ಯರಿಗೆ ಆ ವಂಶವಾಹಿಯ ಸುಳಿವು ಇನ್ನೂ ಸಿಕ್ಕಿರಲೇ ಇಲ್ಲ!

ಕ್ಲೊಬಜಾಮ್ ಹುಟ್ಟಿದ್ದೂ ಮೂರ್ಛೆಗೆಂದಲ್ಲ. 1960ರ ದಶಕದಲ್ಲಿ ಇಟಲಿಯ ಪ್ರಯೋಗಾಲಯದಲ್ಲಿ ರೂಪುಗೊಂಡು, 1970ರ ದಶಕದಲ್ಲಿ ಮನಸ್ಸಿನ ಕಳವಳಕ್ಕೆ ಮದ್ದಾಗಿ ಮಾರುಕಟ್ಟೆಗೆ ಬಂತು. ಫ್ರಾನ್ಸಿನ ಪ್ರಸಿದ್ಧ ಮೂರ್ಛೆ ತಜ್ಞ ಹೆನ್ರಿ ಗಾಸ್ಟೊ 1979ರಲ್ಲಿ ಇದಕ್ಕೆ ಫಿಟ್ಸ್ ತಡೆಯುವ ಗುಣವಿದೆ ಎಂದು ಬರೆದರು. ಅಮೆರಿಕದ ಎಫ್‌ಡಿಎ ಇದನ್ನು ಒಪ್ಪಿದ್ದು 2011ರಲ್ಲಿ, ಅದೂ ಮಕ್ಕಳ ಒಂದು ಘೋರ ಮೂರ್ಛೆಗೆ. ಅಷ್ಟರಲ್ಲಿ ನಮ್ಮ ಕಡೆಯ ವೈದ್ಯರು ಇದನ್ನು ತಲೆಸ್ನಾನದ ದಿನ ಕೊಟ್ಟು ರೂಢಿಯಾಗಿತ್ತು.

ಈ ಮದ್ದಿಗೊಂದು ದೌರ್ಬಲ್ಯವಿದೆ. ದಿನವೂ ತಿಂಗಳುಗಟ್ಟಲೆ ನುಂಗುತ್ತಾ ಹೋದರೆ ಕೆಲವರ ಮೆದುಳು ಅದಕ್ಕೆ ಒಗ್ಗಿಕೊಂಡುಬಿಡುತ್ತದೆ, ಮೊದಲಿನ ಬಲ ಉಳಿಯುವುದಿಲ್ಲ. ಆದರೆ ಬೇಕಾದ ದಿನವಷ್ಟೇ ಕೊಟ್ಟು ಬಿಟ್ಟರೆ? ಒಗ್ಗಿಕೊಳ್ಳಲು ಮೆದುಳಿಗೆ ಸಮಯವೇ ಸಿಗದು! ಇಂಗ್ಲೆಂಡಿನಲ್ಲಿ ಮೈಕೆಲ್ ಫೀಲಿ ಮತ್ತು ಸಂಗಡಿಗರು 1982ರಲ್ಲಿ, ಮುಟ್ಟಿನ ಆಸುಪಾಸಿನಲ್ಲಿ ಮಾತ್ರ ಫಿಟ್ಸ್ ಹೆಚ್ಚುವ ಹೆಂಗಸರಿಗೆ ತಿಂಗಳಲ್ಲಿ ಆ ಕೆಲವು ದಿನ ಮಾತ್ರ ಕ್ಲೊಬಜಾಮ್ ಕೊಟ್ಟು ಒಳ್ಳೆಯ ಫಲ ಕಂಡಿದ್ದರು. ಮೂರ್ಛೆ ಬರುವ ಹೊತ್ತು ಮೊದಲೇ ಗೊತ್ತಿದ್ದರೆ ಮದ್ದನ್ನೂ ಆ ಹೊತ್ತಿಗೆ ಸಿದ್ಧವಾಗಿಡಬಹುದು. ಹಾಗಿದ್ದ ಮೇಲೆ ಬಿಸಿನೀರಿನ ಮೂರ್ಛೆಗಿಂತ ಹೊತ್ತು ಗೊತ್ತಿರುವ ಮೂರ್ಛೆ ಯಾವುದಿದೆ? ಅದರ ಸಮಯವನ್ನು ನಿರ್ಧರಿಸುವವರೇ ನಾವು. ಬಿಸಿನೀರಿನ ಮೂರ್ಛೆಗೆ ಹೀಗೆ ಮುಂಚಿತವಾಗಿ ಕ್ಲೊಬಜಾಮ್ ಕೊಡುವ ಬಗ್ಗೆ ಎಂ. ಧನರಾಜ್ ಮತ್ತು ಎ. ಜಯವೇಲು 2003ರಲ್ಲಿ ಬರೆದರು. ಎ. ಮೇಘನಾ, ಸಂಜೀಬ್ ಸಿನ್ಹಾ, ಸತೀಶ್‌ಚಂದ್ರ ಮತ್ತಿತರರು ನಿಮ್ಹಾನ್ಸ್‌ನಲ್ಲಿ ರೋಗಿಗಳನ್ನು ಹಿಂಬಾಲಿಸಿ ನೋಡಿ 2012ರಲ್ಲಿ ವಿವರ ಪ್ರಕಟಿಸಿದರು. ಬರಿ ತಲೆಸ್ನಾನಕ್ಕೆ ಮಾತ್ರ ಮೂರ್ಛೆ ಬರುವವರಿಗೆ ಈ ಬಿಡಿ ಮಾತ್ರೆಯ ದಾರಿ ಚೆನ್ನಾಗಿ ಫಲಿಸುತ್ತದೆ.

ಸ್ನಾನಕ್ಕೆ ಒಂದೂವರೆಯಿಂದ ಎರಡು ಗಂಟೆ ಮುಂಚೆ, 5ರಿಂದ 10 ಮಿಲಿಗ್ರಾಂ: ಇದು ವೈದ್ಯರ ಬರಹಗಳಲ್ಲಿರುವ ಲೆಕ್ಕ. ನುಂಗಿದ ಮಾತ್ರೆ ಹೊಟ್ಟೆಯಿಂದ ರಕ್ತಕ್ಕಿಳಿದು ಮೆದುಳು ಮುಟ್ಟಲು ಬೇಕಾದ ಹೊತ್ತು ಅದು. ಇಲ್ಲಿ ನನಗೆ ರೋಮಾಂಚನವಾದದ್ದು ಒಂದು ಹೊಂದಿಕೆಯಿಂದ. ಎಣ್ಣೆ ಸ್ನಾನದಲ್ಲಿ ನೆತ್ತಿಗೆ ಎಣ್ಣೆ ಒತ್ತಿದ ಮೇಲೆ ಅದು ಇಳಿಯಲೆಂದು ಒಂದು ಗಂಟೆಯೋ ಇನ್ನೂ ಹೆಚ್ಚೋ ಕೂರಿಸುವುದು ನಮ್ಮ ಮನೆಗಳ ಪದ್ಧತಿ. ಅಜ್ಜಿ ಎಣ್ಣೆ ಬಟ್ಟಲು ತೆಗೆಯುವ ಮುನ್ನ ಮಾತ್ರೆ ನುಂಗಿದರೆ, ಎಣ್ಣೆ ನೆತ್ತಿಗೆ ಇಳಿಯುವಷ್ಟರಲ್ಲಿ ಮಾತ್ರೆ ಮೆದುಳಿಗೆ ಇಳಿದಿರುತ್ತದೆ! ಹಬ್ಬದ ಸಂಭ್ರಮ ಕೆಡುವುದಿಲ್ಲ, ಹುಡುಗ ಎಲ್ಲರ ಜೊತೆ ಕೂತು ಎಣ್ಣೆ ಹಚ್ಚಿಸಿಕೊಳ್ಳಬಹುದು.

ಮಾತ್ರೆಗೂ ಮೊದಲ ಮದ್ದು ನೀರಿನ ಹದ. ಉಗುರು ಬೆಚ್ಚಗಿನ ನೀರಲ್ಲಿ ನಿಧಾನವಾಗಿ ಸ್ನಾನ ಮಾಡಿದರೆ, ನೆತ್ತಿಗೆ ಒಂದೇ ಸಮನೆ ಸುರಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ, ಎಷ್ಟೋ ಜನರಿಗೆ ಮಾತ್ರೆಯೇ ಬೇಕಾಗುವುದಿಲ್ಲ. ಅದಕ್ಕೂ ಜಗ್ಗದಿದ್ದಾಗ, ಇಲ್ಲವೇ ಬಿಸಿನೀರು ಬಿಡಲಾಗದಿದ್ದಾಗ ಕ್ಲೊಬಜಾಮ್. ಸ್ನಾನವಿಲ್ಲದ ಹೊತ್ತಿನಲ್ಲೂ ಮೂರ್ಛೆ ಬರುವವರಿಗೆ ಈ ಬಿಡಿ ಮಾತ್ರೆ ಸಾಲದು. ಅವರಿಗೆ ಕಾರ್ಬಮಜೆಪಿನ್‌ನಂಥ ಔಷಧವನ್ನು ದಿನವೂ ಕೊಡಬೇಕಾಗುತ್ತದೆ, ಅದನ್ನು ತಾವಾಗಿಯೇ ನಿಲ್ಲಿಸುವಂತಿಲ್ಲ. ಕ್ಲೊಬಜಾಮ್ ತೂಕಡಿಕೆ ತರುವ ಮಾತ್ರೆ. ನುಂಗಿದ ದಿನ ಬೈಕ್ ಓಡಿಸುವುದು, ಬಾವಿ ಕಟ್ಟೆ ಹತ್ತುವುದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಅಟ್ಟಣೆ ಏರುವುದು ಬೇಡ. ಹೆಂಡದ ಜೊತೆಯಂತೂ ಕೂಡದು. ಮಗುವಿಗೆ ಎಷ್ಟು, ದೊಡ್ಡವರಿಗೆ ಎಷ್ಟು ಎನ್ನುವುದನ್ನು ವೈದ್ಯರೇ ತೂಕ ನೋಡಿ ಬರೆಯಬೇಕು. ಪಕ್ಕದ ಮನೆಯವರ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗುವ ಔಷಧ ಇದಲ್ಲ.

ಬಚ್ಚಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕದಿರಲಿ. ಮೂರ್ಛೆ ಬಂತೆಂದರೆ ಮೊದಲು ನೀರು ಹುಯ್ಯುವುದು ನಿಲ್ಲಿಸಿ, ಒಲೆ ಮತ್ತು ಹಂಡೆಯಿಂದ ದೂರ ಎಳೆದು, ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಬೀಗದ ಕೈ ತುರುಕುವುದು, ಹಲ್ಲಿನ ನಡುವೆ ಚಮಚ ಇಡುವುದು ಬೇಡವೇ ಬೇಡ. ಐದು ನಿಮಿಷ ದಾಟಿದರೆ ಹತ್ತಿರದ ಆಸ್ಪತ್ರೆಗೆ ಹೊರಡಿ. ಡಾಕ್ಟರ ಮುಂದೆ ಕೂತಾಗ ಸಂಕೋಚ ಬಿಟ್ಟು ಎಲ್ಲ ಹೇಳಿ: ನೀರು ಎಷ್ಟು ಬಿಸಿ ಇತ್ತು, ಎಷ್ಟನೆಯ ಚೊಂಬಿಗೆ ಬಂತು, ವಾರಕ್ಕೆ ಎಷ್ಟು ಸಲ ತಲೆಗೆ ಹಾಕಿಕೊಳ್ಳುತ್ತಾನೆ, ಚಿಕ್ಕವನಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿತ್ತೇ, ಸೋದರಮಾವನಿಗೋ ದೊಡ್ಡಪ್ಪನಿಗೋ ಹೀಗೆ ಆಗುತ್ತಿತ್ತೇ. ಸಾಧ್ಯವಾದರೆ ಬಂದಾಗ ಒಂದು ವಿಡಿಯೋ ಹಿಡಿದಿಟ್ಟುಕೊಂಡು ಹೋಗಿ. ಇಇಜಿ ನಾರ್ಮಲ್ ಇದೆ ಎಂದು ಯಾರಾದರೂ ಕಾಗದ ಮಡಚಿ ಕೊಟ್ಟರೆ ಅಲ್ಲಿಗೆ ಎದ್ದು ಬರಬೇಡಿ. ಬಚ್ಚಲಲ್ಲಿ ನಡೆದದ್ದನ್ನು ಇನ್ನೊಮ್ಮೆ, ಮೊದಲಿನಿಂದ ಹೇಳಿ.